ಹೊಲದ ಗಾಳಿಯ ಲೆಕ್ಕ

ಮಾನ್ವಿ ಸೀಮೆಯಲ್ಲಿ ಬಿಳಿಜೋಳದ ರಾಶಿ ಮಾಡಿದವರಿಗೆ ಒಂದು ಸಂಗತಿ ಗೊತ್ತು: ತೂರಬೇಕೆಂದಾಗ ಗಾಳಿ ಬರುವುದಿಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಮೊರ ಎತ್ತಿ ಹಿಡಿದು ಕಾಯಬೇಕು. ಆಷಾಢದಲ್ಲಿ ಕಣ ಖಾಲಿ, ಆದರೆ ಪಡುವಣ ಗಾಳಿ ತಗಡು ಹಾರಿಸುವಂತೆ ಬೀಸುತ್ತದೆ. ಆ ತಿಂಗಳಲ್ಲಿ ಬಂದು ಹೊಲ ನೋಡಿ ‘ಇಲ್ಲಿ ಗಾಳಿ ಕರೆಂಟಿನ ಫ್ಯಾನ್ ಹಾಕಿದರೆ ಬಂಗಾರ’ ಎನ್ನುವವರನ್ನು ನಂಬಬೇಡಿ. ಗಾಳಿಯನ್ನು ಕನಿಷ್ಠ ಒಂದು ವರ್ಷ ಬಿಡದೆ ಅಳೆಯಬೇಕು.

ಸರಾಸರಿ ವೇಗವೊಂದೇ ಸಾಲದು. ವೇಗ ಎರಡರಷ್ಟಾದರೆ ಗಾಳಿಯ ಶಕ್ತಿ 8 ಪಟ್ಟಾಗುತ್ತದೆ. ಅದು ವೇಗದ ಘನದ ಲೆಕ್ಕ. ಎರಡು ಹೊಲ ಇವೆ ಅನ್ನಿ. ಒಂದರಲ್ಲಿ ಸದಾ ಸೆಕೆಂಡಿಗೆ 6 ಮೀಟರ್ ಗಾಳಿ. ಇನ್ನೊಂದರಲ್ಲಿ ಅರ್ಧ ಹೊತ್ತು 3, ಅರ್ಧ ಹೊತ್ತು 9. ಎರಡಕ್ಕೂ ಸರಾಸರಿ 6. ಘನ ಮಾಡಿ ನೋಡಿ: ಮೊದಲನೆಯದು 216, ಎರಡನೆಯದು 27 ಮತ್ತು 729ರ ಸರಾಸರಿ, ಅಂದರೆ 378. ಯಂತ್ರ ಅದನ್ನೆಲ್ಲ ಹಿಡಿಯಲಾರದು, ಆ ಮಾತು ಬೇರೆ. ಯಾವ ವೇಗ ಎಷ್ಟು ತಾಸು ಇತ್ತು ಎಂಬುದೇ ಇಲ್ಲಿ ಮುಖ್ಯ.

ಅದಕ್ಕಾಗಿಯೇ ಹೊಲದ ನಡುವೆ ತೆಳ್ಳನೆಯ, ಎತ್ತರದ ಕಂಬ ನಿಲ್ಲಿಸುತ್ತಾರೆ. ಅದರಿಂದ ಹೊರಚಾಚಿದ ಸರಳುಗಳ ತುದಿಯಲ್ಲಿ ಮೂರು ಬಟ್ಟಲಿನ ಮಾಪಕ ಗಿರಗಿರ ತಿರುಗುತ್ತಿರುತ್ತದೆ. ಕಂಬಕ್ಕೇ ಅಂಟಿಸಿದರೆ ಕಂಬದ ಮರೆ ಲೆಕ್ಕ ಕೆಡಿಸುತ್ತದೆ. ಬುಡದ ಪೆಟ್ಟಿಗೆ ಹತ್ತು ನಿಮಿಷಕ್ಕೊಮ್ಮೆ ಸರಾಸರಿ ಬರೆದಿಡುತ್ತದೆ, ವರ್ಷಕ್ಕೆ 52,560 ಸಾಲು. ಮಾಪಕಗಳನ್ನು ಬೇರೆ ಬೇರೆ ಎತ್ತರದಲ್ಲಿ ಕಟ್ಟುವುದಕ್ಕೂ ಕಾರಣವಿದೆ. ಬಯಲು ನೆಲದಲ್ಲಿ 10 ಮೀಟರ್ ಎತ್ತರದ ಗಾಳಿ ಸೆಕೆಂಡಿಗೆ 5 ಮೀಟರ್ ಇದ್ದರೆ, 120 ಮೀಟರ್ ಮೇಲೆ ಅದು 7 ಮುಟ್ಟಬಹುದು.

ಈ ಅಳತೆಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದವರಲ್ಲಿ ಅನ್ನಾ ಮಣಿ ದೊಡ್ಡ ಹೆಸರು. ಕೇರಳದವರು, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದವರು. ಹವಾಮಾನ ಇಲಾಖೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ಗಾಳಿ, ಬಿಸಿಲು ಅಳೆಯುವ ಉಪಕರಣಗಳ ಕಾರ್ಯಾಗಾರ ತೆರೆದರು. ಡಿ.ಎ. ಮೂಲೆಯವರ ಜೊತೆ ಅವರು ಸಿದ್ಧಪಡಿಸಿದ ಭಾರತದ ಪವನಶಕ್ತಿ ದತ್ತಾಂಶದ ಪುಸ್ತಕ 1983ರಲ್ಲಿ ಬಂತು. ಈಗ ಆ ಕೆಲಸ ಚೆನ್ನೈನ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯದು. 120 ಮೀಟರ್ ಎತ್ತರದಲ್ಲಿ ಕರ್ನಾಟಕಕ್ಕೆ ಸುಮಾರು 124 ಗಿಗಾವ್ಯಾಟ್ ಸಾಮರ್ಥ್ಯವಿದೆ ಎನ್ನುತ್ತದೆ ಅದರ ಅಂದಾಜು. ಆದರೆ ಇಂಥ ಅಂದಾಜು ನಿಮ್ಮ ಸರ್ವೆ ನಂಬರಿನ ಗಾಳಿಯನ್ನು ಹೇಳಲಾರದು.

ಮನೆ ಬಳಕೆಗೆ ಸಣ್ಣ ಫ್ಯಾನ್ ಹಾಕಬೇಕೆನ್ನುವವರು ಮೊದಲು ಬದುವಿನ ಬೇವಿನಮರ ನೋಡಲಿ. 10 ಮೀಟರ್ ಮರ ಗಾಳಿ ಹೋಗುವ ಕಡೆಗೆ ಸುಮಾರು 200 ಮೀಟರ್‌ವರೆಗೆ, ತನ್ನ ಎರಡರಷ್ಟು ಎತ್ತರದವರೆಗೆ ಗಾಳಿಯನ್ನು ಕಲಕುತ್ತದೆ. ಬಿಸಿಲೂ ಸ್ವಲ್ಪ ಕದಿಯುತ್ತದೆ: ರಾಯಚೂರಿನ ಬೇಸಿಗೆಯ ಕಾದ ಗಾಳಿ ಹಗುರ, ಅದೇ ವೇಗಕ್ಕೆ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ.

ಕಂಪನಿ ಬಂದು ಅಳತೆ ಕಂಬಕ್ಕೆ ಜಾಗ ಕೇಳಿದರೆ ಬುಡದ ಜಾಗವನ್ನಷ್ಟೇ ಲೆಕ್ಕ ಹಿಡಿಯಬೇಡಿ. ಕಂಬವನ್ನು ನಾಲ್ಕೂ ಕಡೆ ಎಳೆದು ಹಿಡಿದ ತಂತಿಗಳು ಹತ್ತಾರು ಮೀಟರ್ ಆಚೆ ನೆಲಕ್ಕಿಳಿಯುತ್ತವೆ. ಅಲ್ಲಿ ಟ್ರ್ಯಾಕ್ಟರ್ ಸುತ್ತಿ ಹೋಗಬೇಕು, ಮುಸ್ಸಂಜೆಯ ಎತ್ತಿಗೆ ತಂತಿ ಕಾಣದು. ಬೆಳೆನಷ್ಟ, ಅವಧಿ, ಅಂಕಿಅಂಶದ ಒಂದು ಪ್ರತಿ, ಇವನ್ನೆಲ್ಲ ಕರಾರಿನಲ್ಲಿ ಬರೆಸಿ. ಮತ್ತೊಂದನ್ನೂ: ಕಂಬ ಬಿಚ್ಚಿದ ಮೇಲೆ ತಂತಿಯ ಬುಡದ ಕಾಂಕ್ರೀಟ್ ಗಟ್ಟಿಗಳನ್ನು ಅಗೆದು ತೆಗೆಯುವವರು ಯಾರು ಎಂದು. ಇಲ್ಲದಿದ್ದರೆ ಮುಂದಿನ ಮುಂಗಾರಿಗೆ ಅವನ್ನು ನಿಮ್ಮ ನೇಗಿಲೇ ಹುಡುಕುತ್ತದೆ.