ಇಸಿಜಿ ಓದುವ ಯಂತ್ರವನ್ನು ನಂಬಬಹುದೇ?

ಮತ್ತೋಡಿನಂಥ ಊರಲ್ಲಿ ಎದೆನೋವು ಬಂದವರು ಮೊದಲು ಹೋಗುವುದು ಹೊಸದುರ್ಗದ ಕಡೆಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆಯುವುದು ಕಷ್ಟವಲ್ಲ, ಅದನ್ನು ತಕ್ಷಣ ಓದಿ ಹೇಳುವ ಹೃದ್ರೋಗ ತಜ್ಞರು ಸಿಗುವುದು ಕಷ್ಟ. ಗೆರೆಯ ಒಂದು ಭಾಗ ಕಾಗದದ ಒಂದೆರಡು ಚಿಕ್ಕ ಚೌಕದಷ್ಟು, ಅಂದರೆ ಒಂದೆರಡು ಮಿಲಿಮೀಟರ್ ಮೇಲೆದ್ದಿದ್ದರೂ ಅದು ಹೃದಯಾಘಾತವಿರಬಹುದು. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಂಥ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷಗಳಲ್ಲಿ ಓದುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ.

ಯಂತ್ರ ಕಲಿತಿರುವುದು ಲಕ್ಷಾಂತರ ಹಳೆಯ ಇಸಿಜಿಗಳಿಂದ. ಹಾಗಾಗಿ ನಮ್ಮ ಕಣ್ಣಿಗೆ ಬೀಳದ ಸುಳಿವೂ ಅದಕ್ಕೆ ಸಿಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ 2021ರಲ್ಲಿ 22,641 ಜನರ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ಹೃದಯದ ಪಂಪ್ ದುರ್ಬಲವಾಗಿರುವುದು ಮೂರು ತಿಂಗಳೊಳಗೆ ಪತ್ತೆಯಾದದ್ದು ಮಾಮೂಲಿ ಚಿಕಿತ್ಸೆಯಲ್ಲಿ ಶೇ. 1.6, ಯಂತ್ರದ ನೆರವಿದ್ದಾಗ ಶೇ. 2.1.

ಯಂತ್ರ ತಪ್ಪಿದರೆ? ತಪ್ಪಬಹುದು, ಸುಳ್ಳು ಎಚ್ಚರಿಕೆ ಕೊಡಬಹುದು, ನಿಜವಾದ ಕಾಯಿಲೆಯನ್ನೇ ಬಿಡಬಹುದು. ಅಮೆರಿಕದವರ ಇಸಿಜಿಯಿಂದ ಕಲಿತದ್ದು ನಮ್ಮವರಿಗೆ ಹೊಂದುತ್ತದೆಯೇ ಎಂಬುದನ್ನೂ ಇಲ್ಲೇ ಪರೀಕ್ಷಿಸಬೇಕು. ಆದರೆ ಯಂತ್ರದ ಕೆಲಸ ತೀರ್ಪು ಕೊಡುವುದಲ್ಲ, ಯಾರನ್ನು ಮೊದಲು ನೋಡಬೇಕೆಂದು ತೋರಿಸುವುದು. ಖಚಿತಪಡಿಸುವುದು ಎಕೋ (ಹೃದಯದ ಸ್ಕ್ಯಾನ್), ರಕ್ತಪರೀಕ್ಷೆ ಮತ್ತು ವೈದ್ಯರು. ತಜ್ಞರಿಲ್ಲದ ಕಡೆ ಹೋಲಿಸಬೇಕಾದದ್ದು ಯಂತ್ರವನ್ನು ತಜ್ಞರ ಜೊತೆಗಲ್ಲ, ಕಾಯುತ್ತಾ ಕಳೆದುಹೋಗುವ ಹೊತ್ತಿನ ಜೊತೆಗೆ.

ಯಾವ ಯಂತ್ರವೂ ಮನೆಯಲ್ಲಿ ಕೂತವರ ಇಸಿಜಿ ಓದಲಾರದು. ಎದೆ ಹಿಡಿದರೆ ‘ಗ್ಯಾಸ್ ಇರಬೇಕು’ ಅಂತ ಸುಮ್ಮನಿರಬೇಡಿ, 108ಕ್ಕೆ ಕರೆಮಾಡಿ.