ಬನ್ನಿ, ಜೊತೆಗೊಬ್ಬರನ್ನು ಕರೆತನ್ನಿ



ನಾವು ಅಕ್ಷರ ಕಲಿತೆವು. ನಮ್ಮ ಹೆಸರು ಬರೆಯುತ್ತೇವೆ. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡಿನಲ್ಲಿ ಏನಿದೆ ಎಂದು ನಾವೇ ನೋಡುತ್ತೇವೆ. ಇನ್ನೊಂದು ಕೆಲಸ ಉಳಿದಿದೆ. ಕಲಿತದ್ದು ಊರಿಗೂ ಉಪಯೋಗಕ್ಕೆ ಬರಬೇಕು.

ಊರಿಗೆ ಆರೋಗ್ಯ ಜಾಥಾ ಬರುತ್ತದೆ. ರಕ್ತದಾನ ಶಿಬಿರ ನಡೆಯುತ್ತದೆ. ಶ್ರಮದಾನ ಇರುತ್ತದೆ. ನಮ್ಮಲ್ಲಿ ಕೆಲವರು ಹೋಗುತ್ತಾರೆ. ಬಹಳ ಜನ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಅದರಿಂದ ನಮಗೇನು ಬಂತು?" ಅಂತಾರೆ.

ಏನು ಬಂತು ಎಂಬುದನ್ನು ನಮ್ಮ ಸೀಮೆಯ ಒಂದು ಸಂಗತಿಯಿಂದಲೇ ತಿಳಿಯೋಣ.

ಕ್ಯಾಸನೂರಿನಲ್ಲಿ ಏನಾಯಿತು?

ಕ್ಯಾಸನೂರು ಸೊರಬ ತಾಲ್ಲೂಕಿನ ಒಂದು ಹಳ್ಳಿ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿ ಬಂದ ಜನರಿಗೂ ಜೋರು ಜ್ವರ ಬಂತು. ಕೆಲವರು ಸತ್ತರು. ಏನು ಕಾಯಿಲೆ ಎಂದು ಯಾರಿಗೂ ತಿಳಿಯಲಿಲ್ಲ. ಬೇರೆ ದೇಶಗಳಲ್ಲಿ ಇರುವ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಮೊದಲು ಅನುಮಾನಪಟ್ಟರು.

ಪುಣೆಯ ವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿದರು. ಸತ್ತ ಮಂಗದಲ್ಲಿ ಒಂದು ಹೊಸ ವೈರಸ್ ಸಿಕ್ಕಿತು. ವೈರಸ್ ಎಂದರೆ ಕಣ್ಣಿಗೆ ಕಾಣದ ರೋಗಾಣು. ಕಾಯಿಲೆಗೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಇಂದು ಜಗತ್ತಿನ ವೈದ್ಯರ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿದೆ. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಮಕ್ಕಳಿಗೆ ಕೆನ್ನೆ ಊದುವ ಮಂಗನ ಬಾವು ಬೇರೆ, ಇದು ಬೇರೆ.

ಈ ಕಾಯಿಲೆ ಸೊರಬದಲ್ಲೇ ನಿಲ್ಲಲಿಲ್ಲ. ಮಲೆನಾಡಿನ ಬೇರೆ ಕಡೆಗೂ ಹರಡಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಬಂದಾಗ ಹಲವರು ಪ್ರಾಣ ಕಳೆದುಕೊಂಡರು. ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಣಿಸಿಕೊಂಡಿದೆ.

ಹೇಗೆ ಬರುತ್ತದೆ?

ಮಂಗ ಕಚ್ಚಿ ಬರುವುದಲ್ಲ. ಮಂಗವೂ ನಮ್ಮ ಹಾಗೇ ಒಬ್ಬ ರೋಗಿ. ಕಾಯಿಲೆ ತರುವುದು ಉಣುಗು. ಕೆಲವರು ಉಣ್ಣೆ ಅಂತಾರೆ. ಎಳೆಯ ಉಣುಗು ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಕಾಯಿಲೆಯ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕೆ ಇಳಿಯುತ್ತವೆ. ತರಗೆಲೆಯಲ್ಲಿ, ಹುಲ್ಲಿನಲ್ಲಿ ಕಾಯುತ್ತವೆ. ನಾವು ಸೌದೆಗೆ ಹೋಗುತ್ತೇವೆ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುತ್ತೇವೆ. ದನ ಮೇಯಿಸುತ್ತೇವೆ. ಆಗ ಉಣುಗು ಮೈಗೆ ಹತ್ತುತ್ತದೆ. ಕಾಡಿಗೆ ಹೋದ ದನದ ಮೈಗೆ ಹತ್ತಿ ಮನೆಗೂ ಬರುತ್ತದೆ.

ಚಳಿಗಾಲ ಶುರುವಾದ ಮೇಲೆ, ಮಳೆ ಬೀಳುವ ತನಕ ಇದರ ಕಾಲ. ಜನವರಿಯಿಂದ ಮಾರ್ಚ್ ತನಕ ಹೆಚ್ಚು.

ಉಣುಗು ಕಚ್ಚಿ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜ್ವರ ಬರುತ್ತದೆ. ತಲೆ ಸಿಡಿಯುತ್ತದೆ. ಸೊಂಟ, ಕೈಕಾಲು ವಿಪರೀತ ನೋಯುತ್ತವೆ. ವಾಂತಿ ಆಗಬಹುದು. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬರುತ್ತದೆ. ನೂರು ರೋಗಿಗಳಲ್ಲಿ ಸುಮಾರು 3ರಿಂದ 5 ಜನ ಸಾಯುತ್ತಾರೆ. ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದ್ದರಿಂದ ರೋಗಿಯನ್ನು ದೂರ ಇಡಬೇಡಿ.

ಈ ಕಾಯಿಲೆಗೆಂದೇ ಬೇರೆ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಆದರೆ ಬೇಗ ಆಸ್ಪತ್ರೆ ಸೇರಿದರೆ ಬದುಕಿಸಬಹುದು. ತಡ ಮಾಡಿದರೆ ಕಷ್ಟ. ತಿಳಿದ ಮನೆಯವರು ಜ್ವರ ಬಂದ ದಿನವೇ ಹೋಗುತ್ತಾರೆ. ತಿಳಿಯದ ಮನೆಯವರು "ದಣಿವಿನ ಜ್ವರ, ನಾಳೆ ಬಿಡುತ್ತೆ" ಎಂದು ಕಾಯುತ್ತಾರೆ. ಜಾಥಾದಿಂದ ಏನು ಬಂತು ಎಂದರೆ ಇದೇ ಬಂತು.

ಮೈಕಿಗಿಂತ ಜೊತೆಯವರ ಮಾತು ಮೇಲು

ಜೀಪಿನ ಮೈಕು ರಸ್ತೆಯಲ್ಲಿ ಕೂಗಿ ಹೋಗುತ್ತದೆ. ಕಾಡಂಚಿನ ಒಂಟಿ ಮನೆಗೆ ಅದು ಕೇಳುವುದಿಲ್ಲ. ಕೇಳಿದರೂ ತಿರುಗಿ ಪ್ರಶ್ನೆ ಹಾಕಲು ಆಗುವುದಿಲ್ಲ. ಆ ಮನೆಗೆ ಹೋಗಿ ಬರುವವರು ನಾವು. ಒಂದೇ ಚಾಪೆಯ ಮೇಲೆ ಕೂತು ಕಲಿತವರು ಹೇಳಿದರೆ ಮಾತು ನಾಟುತ್ತದೆ.

ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿಯ ಹೆಂಗಸರು ಅಕ್ಷರ ಕಲಿಯಲು ಸೇರಿದರು. ಸಾರಾಯಿಯಿಂದ ಮನೆ ಹಾಳಾಗುವ ಬಗ್ಗೆ ಪಾಠ ಓದಿದರು. ಒಬ್ಬರಿಗೊಬ್ಬರು ಹೇಳಿಕೊಂಡರು. ಎಲ್ಲರೂ ಸೇರಿ ಊರಿನ ಸಾರಾಯಿ ನಿಲ್ಲಿಸಿದರು. ಚಳವಳಿ ಊರಿಂದೂರಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. ಅವರೂ ನಮ್ಮ ಹಾಗೆ ಹೊಸದಾಗಿ ಓದು ಕಲಿತವರೇ.

ದಾನ ಎಂದರೆ ದುಡ್ಡೇ ಅಲ್ಲ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನ ಇದೆ. ಅಲ್ಲಿ ಹಿಂದೆ ಕೋಡಿಯ ಮಠ ಇತ್ತು. 1162ರ ಶಾಸನ ಅದರ ಬಗ್ಗೆ ಹೇಳುತ್ತದೆ. ಅಲ್ಲಿ ವಿದ್ಯೆ ಕಲಿಸುತ್ತಿದ್ದರು. ಬಡವರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುತ್ತಿದ್ದರು. ದಿಕ್ಕಿಲ್ಲದ ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಓದು ಬೇರೆ, ಸೇವೆ ಬೇರೆ ಎಂದು ನಮ್ಮ ಹಿರಿಯರು ಭಾವಿಸಿರಲಿಲ್ಲ.

ಇಂದು ದುಡ್ಡಿಲ್ಲದವರೂ ದಾನ ಮಾಡಬಹುದು. ರಕ್ತದಾನವನ್ನೇ ನೋಡಿ. 18 ವರ್ಷ ತುಂಬಿರಬೇಕು. 65 ದಾಟಿರಬಾರದು. ತೂಕ ಕನಿಷ್ಠ 45 ಕಿಲೋ ಇರಬೇಕು. ಮೈಯಲ್ಲಿ ರಕ್ತ ಸಾಕಷ್ಟು ಇದೆಯೇ ಎಂದು ಮೊದಲೇ ಪರೀಕ್ಷೆ ಮಾಡುತ್ತಾರೆ. ತೆಗೆಯುವುದು ಸಾಮಾನ್ಯವಾಗಿ 350 ಮಿಲಿ ಲೀಟರ್. ಅರ್ಧ ಲೀಟರಿಗೂ ಕಡಿಮೆ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಹೆರಿಗೆಯಲ್ಲಿ ರಕ್ತ ಹೋದ ತಾಯಿಗೆ, ಅಪಘಾತ ಆದವರಿಗೆ ಅದೇ ಜೀವ. ರಕ್ತ ಕಡಿಮೆ ಇದ್ದವರು ಕೊಡುವುದು ಬೇಡ. ಬಂದವರಿಗೆ ನೀರು ಕೊಡಿ, ಹೆಸರು ಬರೆದುಕೊಳ್ಳಿ. ಈಗ ಬರೆಯಲು ನಮಗೆ ಬರುತ್ತದಲ್ಲ!

ಕರೆದರೆ ಬರುವುದಿಲ್ಲ ಎನ್ನುವವರಿಗೆ

"ಕೂಲಿ ತಪ್ಪುತ್ತೆ ಅಕ್ಕಾ" ಎನ್ನುತ್ತಾರೆ. ಅದು ನಿಜವಾದ ಕಷ್ಟ. ಜಾಥಾ, ಸಭೆಗಳನ್ನು ಸಂಜೆ ಇಡಿ ಎಂದು ಪಂಚಾಯಿತಿಯಲ್ಲಿ ನಾವೇ ಕೇಳೋಣ.

"ಅಲ್ಲಿ ಫೋಟೋ ತೆಗೀತಾರೆ, ಭಾಷಣ ಮಾಡ್ತಾರೆ, ಅಷ್ಟೇ" ಎನ್ನುತ್ತಾರೆ. ಕೆಲವು ಕಡೆ ಹಾಗೂ ಆಗುತ್ತದೆ. ನಾವು ಹೋಗಿ ಪ್ರಶ್ನೆ ಕೇಳಿದರೆ ಹಾಗಾಗುವುದಿಲ್ಲ.

"ನಂಗೆ ಮಾತಾಡೋಕೆ ಬರಲ್ಲ" ಎನ್ನುತ್ತಾರೆ. ಮಾತಾಡಬೇಕಿಲ್ಲ. ಕರಪತ್ರ ಓದಿ ಹೇಳಿದರೆ ಸಾಕು.

"ಮನೇಲಿ ಕಳಿಸಲ್ಲ" ಎನ್ನುವ ಅಕ್ಕಂದಿರೂ ಇದ್ದಾರೆ. ಅವರನ್ನು ಬೈಯಬೇಡಿ. ಇಬ್ಬರು ಮೂವರು ಸೇರಿ ಅವರ ಮನೆಗೇ ಹೋಗಿ. ಅತ್ತೆಯವರನ್ನೂ ಕರೆಯಿರಿ.

ಯಾರನ್ನೂ ಒತ್ತಾಯ ಮಾಡಬೇಡಿ. ಒಮ್ಮೆ ಬಾರದವರನ್ನು ಇನ್ನೊಮ್ಮೆ ಕರೆಯಿರಿ. ಒಬ್ಬರು ಇನ್ನೊಬ್ಬರನ್ನು ಕರೆತಂದರೆ ಹತ್ತು ಜನ ಇಪ್ಪತ್ತಾಗುತ್ತಾರೆ. ಆ ಇಪ್ಪತ್ತು ಜನ ಇಪ್ಪತ್ತು ಮನೆಯವರು.

ನೆನಪಿಡಿ

1. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ. ಹತ್ತಿರ ಹೋಗಬೇಡಿ. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಪಂಚಾಯಿತಿಗೆ ಕೂಡಲೇ ತಿಳಿಸಿ.

2. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಅವರು ಹೇಳಿದಂತೆ ಕೈಕಾಲಿಗೆ ಹಚ್ಚಿ.

3. ಬಂದ ಮೇಲೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ. ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ.

4. ಮಂಗ ಸತ್ತ ಕಡೆಯಿಂದ ತರಗೆಲೆ ತರಬೇಡಿ.

5. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಆಸ್ಪತ್ರೆಗೆ ಹೋಗಿ. "ಕಾಡಿಗೆ ಹೋಗಿದ್ದೆ" ಎಂದು ಡಾಕ್ಟರಿಗೆ ಹೇಳಿ.

ಸೇರಿ ಮಾತಾಡೋಣ

ನಮ್ಮ ಊರಿನಲ್ಲಿ ಯಾವ ಮನೆಗೆ ಮೈಕಿನ ಸದ್ದು ಕೇಳುವುದಿಲ್ಲ?

ಈ ಪಾಠವನ್ನು ಆ ಮನೆಗೆ ಯಾರು ಓದಿ ಹೇಳುತ್ತೀರಿ?

ಮುಂದಿನ ಜಾಥಾಕ್ಕೆ ನೀವು ಯಾರನ್ನು ಕರೆತರುತ್ತೀರಿ? ಅವರ ಹೆಸರನ್ನು ಇಲ್ಲಿ ಬರೆಯಿರಿ.