ವಿಧಿಗೂ ಒಂದು ಸಹಿ ಇರುತ್ತದೆ

ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್, 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ಕೆಜಿಎಫ್ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಫೇಟ್, ಡೆಸ್ಟಿನಿ, ಡೂಮ್ ಎಂಬ ಪದಗಳು ಕೈಗೆಟುಕುವಂತೆ ಸಿಗುತ್ತವೆ. ಊರಿನವರಲ್ಲಿ ಕನ್ನಡಿಗರಿಗೆ ಹಣೆಬರಹ, ತೆಲುಗರಿಗೆ ತಲರಾತ, ತಮಿಳರಿಗೆ ತಲೈಯೆಳುತ್ತು. ಇವುಗಳಲ್ಲಿ ಯಾವುದನ್ನು ಬಳಸಿದರೂ ಗಣಿ ತಾನಾಗಿಯೇ ಸತ್ತಂತೆ ಕೇಳಿಸುತ್ತದೆ. ಆದರೆ ಆ ಇಂಗ್ಲಿಷ್ ಪದಗಳ ಬೇರನ್ನು ಕೆದಕಿದರೆ ಒಬ್ಬ ಮನುಷ್ಯ ಸಿಗುತ್ತಾನೆ. ಲ್ಯಾಟಿನ್‌ನಿಂದ ಬಂದ ಫೇಟ್‌ಗೆ ಆಡಿದ ಮಾತು ಎಂದು ಮೂಲಾರ್ಥ. ಡೂಮ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ತೀರ್ಪು. ಸರ್ವನಾಶ ಎಂಬ ಅರ್ಥ ಅಂಟಿಕೊಂಡದ್ದು ಆಮೇಲೆ. 1086ರ ಇಂಗ್ಲೆಂಡಿನ ಜಮೀನು ದಾಖಲೆಯನ್ನು ಜನ ಡೂಮ್ಸ್‌ಡೇ ಬುಕ್ ಎಂದು ಕರೆದರು, ಅದರಲ್ಲಿ ಬರೆದದ್ದಕ್ಕೆ ಮೇಲ್ಮನವಿ ಇಲ್ಲವೆಂದು. ನಾವಾದರೂ ಅಷ್ಟೆ, ಹಾಳು ವಿಧಿ ಎಂದು ಹಳಿಯುವ ಬಾಯಲ್ಲೇ ಸಂವಿಧಾನದ 371(ಜೆ) ವಿಧಿ ಎನ್ನುತ್ತೇವೆ. ಆ ವಿಧಿಯನ್ನು ಹೈದರಾಬಾದ್ ಕರ್ನಾಟಕದ ಜನ ಹೋರಾಡಿ ಬರೆಸಿಕೊಂಡರು. ಆದ್ದರಿಂದ ಗಣಿಯ ವಿಚಾರ ಮೊದಲೇ ತೀರ್ಮಾನವಾಗಿತ್ತು ಎಂದವರನ್ನು, ತೀರ್ಮಾನಿಸಿದ್ದು ಯಾರು ಎಂದು ಕೇಳಿದರೆ ಅಧಿಕಪ್ರಸಂಗವಾಗದು.

ಕೇಳಿದರೆ ಉತ್ತರವೂ ಇದೆ. 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಪಾಲಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಈ ಹಸ್ತಾಂತರಗಳ ನಡುವೆ ಹೆಚ್ಚು ಮಾತಿಗೆ ಬಾರದ ಸಂಗತಿಯೊಂದಿದೆ. ಔನ್ಸಿಗೆ 35 ಡಾಲರ್ ಎಂಬ ಅಂತರರಾಷ್ಟ್ರೀಯ ಅಧಿಕೃತ ದರವಿದ್ದ ಕಾಲದಲ್ಲಿ ಸರ್ಕಾರ ಕೆಜಿಎಫ್ ಚಿನ್ನವನ್ನು ಆ ದರಕ್ಕೇ ತೆಗೆದುಕೊಳ್ಳುತ್ತಿತ್ತು. ನಮ್ಮ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಮಾರುವವನೂ ಕೊಳ್ಳುವವನೂ ಒಬ್ಬನೇ ಆದಲ್ಲಿ ನಷ್ಟವೆನ್ನುವುದು ಅರ್ಧ ಲೆಕ್ಕಪುಸ್ತಕದ ಸೃಷ್ಟಿ. ಆ ನಷ್ಟದ ಹೆಸರು ಹೊತ್ತೇ ಕಂಪನಿ 1992ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು.

ಅದಿರೇ ಬರಿದಾದರೆ ಯಾರು ಏನು ಮಾಡಿಯಾರು, ಅದು ಭೂಮಿಯೇ ಬರೆದ ಬರಹವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಟನ್ ಅದಿರಿನಲ್ಲಿ ಸಿಗುವ ಚಿನ್ನ ಮೊದಲಿನ ದಿನಗಳಿಗೆ ಹೋಲಿಸಿದರೆ ಬೆರಳೆಣಿಕೆಯ ಗ್ರಾಂಗಳಿಗೆ ಇಳಿದಿತ್ತು. ಗಣಿಗೆ ಒಂದು ಕೊನೆ ಇದ್ದೇ ಇತ್ತು, ಒಪ್ಪೋಣ. ಆದರೆ ಕೊನೆಯ ದಿನವನ್ನು ಭೂಮಿ ಗೊತ್ತು ಮಾಡಲಿಲ್ಲ. ಮುಚ್ಚಿದ ಹೊತ್ತಿಗೆ ಚಿನ್ನ ಔನ್ಸಿಗೆ 300 ಡಾಲರಿಗೂ ಕೆಳಗಿತ್ತು. 2011ರಲ್ಲಿ 1,800 ದಾಟಿತು. ಕೆಜಿಎಫ್ ಮುಚ್ಚಿಸಿದ ಅದೇ ಅಗ್ಗದ ಕಾಲವನ್ನು ರಾಯಚೂರು ಜಿಲ್ಲೆಯ ಹಟ್ಟಿ ಗಣಿ ರಾಜ್ಯ ಸರ್ಕಾರದ ಕೈಯಲ್ಲಿದ್ದು ದಾಟಿಕೊಂಡಿತು. ಹಟ್ಟಿ ಇಷ್ಟು ಆಳವಿಲ್ಲ, ಹೋಲಿಕೆ ಪೂರ್ತಿ ಸರಿಹೊಂದದು. ಹಾಗಿದ್ದೂ ಕೆಜಿಎಫ್‌ನ ಮೂರು ಸಾವಿರಕ್ಕೂ ಹೆಚ್ಚು ಕೆಲಸಗಾರರಿಗೆ ಬದಲಿ ದುಡಿಮೆ ಏನು ಎಂಬ ಪ್ರಶ್ನೆಗೆ ಯಾವ ಬಂಡೆಯೂ ಅಡ್ಡಬಂದಿರಲಿಲ್ಲ.

ವಿಧಿಯೆಂಬ ಮಾತು ನೊಂದವರಿಗೆ ಸಮಾಧಾನ, ಅದನ್ನೂ ಕಿತ್ತುಕೊಳ್ಳಬೇಕೆ ಎಂದು ಕೇಳುವವರಿದ್ದಾರೆ. ಬೇಡ. ಸುರಂಗದಲ್ಲಿ ಬಂಡೆ ಸಿಡಿದು ಗಂಡನನ್ನು ಕಳೆದುಕೊಂಡವಳು ಹಣೆಬರಹ ಎಂದರೆ ಅವಳೊಡನೆ ವಾದಿಸುವುದು ಕ್ರೌರ್ಯ. ಅದೇ ಮಾತನ್ನು ಅಧಿಕಾರಿ ಆಡಿದರೆ ಅದು ಜಾರಿಕೆ. ಬಂಡೆ ಸಿಡಿತವನ್ನೂ ಕೆಜಿಎಫ್ ಪೂರ್ತಿ ವಿಧಿಗೆ ಬಿಟ್ಟಿರಲಿಲ್ಲ: ಮರದ ಆಸರೆಗಳ ಜಾಗದಲ್ಲಿ ಗ್ರಾನೈಟ್ ಕಲ್ಲಿನ ಆಸರೆ ಬಂತು, ನೆಲದ ಕಂಪನ ಅಳೆದರು, ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದೇ ಇಲ್ಲಿ. ಕಾರ್ಮಿಕರೂ ತಲೆಬಾಗಿ ಕೂತವರಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಆಜ್ಞೆಗೆ ಎದುರಾಗಿ ಮುಷ್ಕರ ಹೂಡಿದರು. ತಮ್ಮ ಬೆರಳ ರೇಖೆ ಯಾರ ವಶಕ್ಕೆ ಹೋಗಬೇಕೆಂದು ಜಗಳವಾಡಿದವರನ್ನು ವಿಧಿವಾದಿಗಳೆನ್ನುವುದು ಹೇಗೆ?

ಕೆಜಿಎಫ್‌ಗೆ 1894ರಿಂದ ಇರುವ ಬಂಗಾರಪೇಟೆ–ಮಾರಿಕುಪ್ಪಂ ಕವಲು ಹಳಿಯಲ್ಲಿ ಈಗ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರ ರೈಲು ಓಡುತ್ತದೆ. ಆ ರೈಲೂ ಹಣೆಬರಹ ಅನ್ನಿಸುವಷ್ಟು ಅಭ್ಯಾಸವಾಗಿದೆ. ಇತ್ತ ಚಿನ್ನ ತೆಗೆದು ಸುರಿದ ಅದಿರಿನ ಪುಡಿಯ ಸಯನೈಡ್ ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಆ ಗುಡ್ಡಗಳ ದೂಳು ಕುಡಿದು ಬೆಳೆದ ಕಾರ್ಮಿಕರ ಲೈನ್ ಮನೆಗಳಿಗೆ ಅದರಲ್ಲಿ ಏನು ಪಾಲು, ಮತ್ತೆ ಎದ್ದ ದೂಳಿಗೆ ಯಾರು ಹೊಣೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಲು ಇದೇ ಸಮಯ.